ಅಸಿಮೀನಳ ಬಲಗಿವಿ

"ಈ ಕಿವಿಯೊಳಗೆ ಯಾರು ಅಡಗಿ ಕೂತಿದ್ದಾರೆ?"

ಫ್ಲೋರ ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ಮಡಿಲಲ್ಲಿ ಪುಟ್ಟ ಮಗಳು ಅಸಿಮೀನ ಬಲಗಿವಿ ಹಿಡಿದು ನರಳುತ್ತಿದ್ದಳು. ದಿಂಬಿನ ಮೇಲೆ ಕೀವಿನ ಕಲೆ. ಹೊರಗೆ ಉತ್ತರದ ಗಾಳಿ ಎದ್ದಾಗಿನಿಂದ ನಮ್ಮ ದ್ವೀಪಕ್ಕೆ ಹಡಗಿರಲಿಲ್ಲ. ಮನೆಮಂದಿಯೆಲ್ಲ ಸೌದೆ ಒಲೆಯಿದ್ದ ಆ ಒಂದೇ ಕೋಣೆಯಲ್ಲಿ ಸೆರೆಯಾಗಿದ್ದರು. ದ್ವೀಪದ ವೈದ್ಯೆ ಕಲ್ಲಿರೋಯಿಯ ಹಿಂದೆಯೇ, ಅವಳ ದವಾಖಾನೆಯಲ್ಲಿ ಔಷಧಿ ಕೊಡುವ ನಾನೂ ಅವಳ ಚೀಲ ಹೊತ್ತು ಒಳಗೆ ಬಂದೆ.

"ಯಾರೂ ಅಡಗಿಲ್ಲ, ಡಾಕ್ಟ್ರಮ್ಮ. ಇವಳೇ ಔಷಧಿ ಚೆಲ್ತಿದಾಳೆ," ಎಂದ ಗಂಡ ಸ್ತ್ರಾತಿಸ್. "ಮಗು ನೆಪ ಹೇಳಿ ತವರಿಗೆ ಹಾರೋ ಆಟ. ಹಡಗು ಬರ್ಲಿ, ಇವಳೊಬ್ಬಳನ್ನೇ ಹತ್ತಿಸ್ತೀನಿ. ಮಗು ಇಲ್ಲೇ ಇರತ್ತೆ."

"ಚೆಲ್ಲಿದ್ದನ್ನ ನೋಡಿದ್ಯಾ?" ಎಂದಳು ಕಲ್ಲಿರೋಯಿ.

"ಕುಡಿಸೋಳು ಇವಳೇ ತಾನೆ? ಮೊದಲು ಕೀವು ನಿಂತಿತ್ತು. ಗಾಳಿ ಶುರುವಾದ್ಮೇಲೆ ಮತ್ತೆ ಬಂತು."

ಫ್ಲೋರ ಮಗಳ ಕಿವಿಯ ಕೀವು ಒರೆಸಿದಳು. ಅತ್ತೆ ಮಿರ್ಸಿನಿ ಬಿಸಿ ಕಷಾಯ ತಂದಿಟ್ಟಳು.

"ತಣ್ಣೀರು ಕೊಡಿ, ಸಾಕು," ಎಂದಳು ಕಲ್ಲಿರೋಯಿ.

"ಈ ಚಳೀಲಿ ತಣ್ಣೀರಾ! ನಿಮ್ಮ ಗಂಟಲು ಕಟ್ಟಿದ್ರೆ ನಮಗೆ ಡಾಕ್ಟ್ರು ಯಾರು?"

ಔಷಧಿ ಕೇಳಿದಾಗಲೂ ಮಿರ್ಸಿನಿಯೇ ಬಾಟಲಿಯನ್ನು ಏಪ್ರನ್ನಿನಲ್ಲಿ ಒರೆಸುತ್ತ ತಂದಳು. ನಾನೇ ಪುಡಿಗೆ ನೀರು ಬೆರೆಸಿ ಕಲಕಿಕೊಟ್ಟಾಗ ಹಾಲಿನ ಬಣ್ಣವಿತ್ತು. ಈಗ ಚಹಾದಂತೆ ಕಂದು. ಬಾಟಲಿಗೆ ಅಂಟಿಸಿದ್ದ ಚೀಟಿಯ ಅಂಚು ಸುರುಳಿ ಸುತ್ತಿತ್ತು. ಯಾರೋ ಏನೋ ಬೆರೆಸಿದ್ದಾರೆಂದುಕೊಂಡು ಮನಸ್ಸಿನಲ್ಲೇ ಒಂದು ಕೀರ್ತನೆ ಹೇಳಿಕೊಂಡೆ.

ಕಲ್ಲಿರೋಯಿ ಕೊನೆಯ ಹಡಗಿನಲ್ಲಿ ಲ್ಯಾಬಿಗೆ ಕಳಿಸಿದ್ದ ಕೀವಿನ ಪರೀಕ್ಷೆಯ ಬಗ್ಗೆ ಫೋನಿನಲ್ಲಿ ವಿಚಾರಿಸಿ, ಎಲ್ಲರನ್ನೂ ಒಲೆಯ ಸುತ್ತ ಕೂರಿಸಿದಳು.

"ಅಡಗಿದ್ದೋನು ಸಿಕ್ಕಿದ. ಮಕ್ಕಳ ಮೂಗಲ್ಲಿ ಸುಮ್ಮನಿರೋ ಬ್ಯಾಕ್ಟೀರಿಯಾ. ನೆಗಡಿ ಬಂದಾಗ ಒಳಗಿನ ನಾಳದಿಂದ ಕಿವಿತಮಟೆ ಹಿಂದಕ್ಕೆ ನುಗ್ಗತ್ತೆ. ನಾಳ ಊದಿ ಮುಚ್ಕೊಂಡ್ರೆ ಕೀವಿಗೆ ಹೊರಗೆ ದಾರಿಯಿಲ್ಲ. ತಮಟೆ ಒಡೆದೇ ಬರಬೇಕು. ಸುಮ್ನೆ ಬಿಟ್ರೆ ಮಗು ಕಿವುಡಾಗಬಹುದು."

"ಮತ್ತೆ ಔಷಧಿ?" ಎಂದ ಸ್ತ್ರಾತಿಸ್.

"ಈ ಬ್ಯಾಕ್ಟೀರಿಯಾ ಔಷಧೀನೇ ಕತ್ತರಿಸಿ ಹಾಕತ್ತೆ. ಅದಕ್ಕೇ ಬಾಟಲೀಲಿ ಎರಡು ಮದ್ದು: ಒಂದು ಬ್ಯಾಕ್ಟೀರಿಯಾನ ಹೊಡೆಯತ್ತೆ, ಇನ್ನೊಂದು ಅದರ ಕತ್ತರಿ ಹಿಡ್ಕೊಳ್ಳತ್ತೆ. ಎರಡನೇದು ಬಿಸಿಗೆ ಕೆಟ್ಟು, ಔಷಧಿ ಕಂದಾಗತ್ತೆ. ಮೊದಲು ಫ್ರಿಜ್ಜಲ್ಲಿದ್ದಾಗ ಕೀವು ನಿಂತಿತ್ತಲ್ಲ? ಚೆಲ್ಲಿದ್ರೆ ಔಷಧಿ ಕಮ್ಮಿಯಾಗ್ತಿತ್ತು, ಕಂದಾಗ್ತಿರ್ಲಿಲ್ಲ. ಚೀಟಿ ಕಾವಿಗೆ ಸುರುಳಿಯಾಗಿದೆ. ಗಾಳಿ ಎದ್ದ ಮೇಲೆ ಈ ಒಲೆ ಆರಿಲ್ಲ. ತಣ್ಣಗಿರೋದಕ್ಕೆ ಹೆದರೋರು ಈ ಮನೇಲಿ ಒಬ್ರೇ."

ಮಿರ್ಸಿನಿ ಒಲೆಯ ಕಡೆ ಕೈ ತೋರಿದಳು. "ಮಂಜಿನಂಥದ್ದು ಕುಡಿಸಿದ್ರೆ ಕೂಸಿಗೆ ಎದೆ ಕಟ್ಟಲ್ವಾ, ತಾಯಿ? ಒಲೆಗೂಡಲ್ಲಿಟ್ಟು, ಹೊತ್ತಿಗೆ ಸರಿಯಾಗಿ ತಂದು ಇವಳ ಕೈಗೆ ಕೊಡ್ತಿದ್ದೆ."

"ಪ್ರೀತಿಯಿಂದಲೇ ಮಾಡಿದ್ರಿ," ಎಂದು ಕಲ್ಲಿರೋಯಿ ಹೊಸ ಬಾಟಲಿಯನ್ನು ಫ್ಲೋರಳ ಕೈಗೇ ಕೊಟ್ಟಳು.

ಗಾಳಿ ಇಳಿಯುವಷ್ಟರಲ್ಲಿ ಕಿವಿ ಒಣಗಿತ್ತು. ಹಡಗು ಕಟ್ಟೆಗೆ ಬಂದಾಗ ಫ್ಲೋರ ಮಗಳನ್ನೆತ್ತಿಕೊಂಡು ಹತ್ತುವವರ ಸಾಲಿನಲ್ಲಿ ನಿಂತಿದ್ದಳು. ಸ್ತ್ರಾತಿಸ್ ಹಿಂದೆಯೇ ಓಡಿಬಂದ.

"ತಪ್ಪಾಯ್ತು, ಫ್ಲೋರ. ನೀನು ಹೋಗೋದಾದ್ರೆ ಹೋಗು, ತಡೆಯಲ್ಲ. ಈಸ್ಟರ್ ಹಬ್ಬದ ತನಕ ಮಗೂನಾದ್ರೂ ಬಿಟ್ಟು ಹೋಗು. ಅಮ್ಮ ಊಟ ಬಿಟ್ಟಿದ್ದಾಳೆ."

ಫ್ಲೋರ ಮಗಳನ್ನು ಎದೆಗೊತ್ತಿಕೊಂಡು ಹಡಗಿನ ಮೆಟ್ಟಿಲಿಗೆ ಕಾಲಿಟ್ಟಳು.

"ಬಿಡಲ್ಲ," ಎಂದಳು.