ಮೆಟ್ಟಿಲ ತುದಿಯ ಹಲಗೆ

ಅಮ್ಮ ಸತ್ತು ವರ್ಷ ತುಂಬುವ ಮೊದಲೇ ಅಣ್ಣ ಮಾಳಿಗೆಯ ಹಳೆಯ ನೆಲ ಕೀಳಿಸಿ ಮರದ ಹಲಗೆ ಹಾಕಿಸಿದ. ತಮ್ಮನನ್ನು ಒಂದು ಮಾತು ಕೇಳಲಿಲ್ಲ. ಮನೆ ಅಣ್ಣನ ಹೆಸರಿನಲ್ಲಿತ್ತು. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಮರದ ನೆಲವಿದ್ದರೆ ಕೊಳ್ಳುವವರು ಬೇಗ ಒಪ್ಪುತ್ತಾರೆ ಎಂದು ಯಾರೋ ಕಿವಿ ಊದಿದ್ದರು. ಹುಟ್ಟಿ ಬೆಳೆದ ಮನೆ, ಹಾಸಿಗೆ ಹಿಡಿದ ಅಮ್ಮನನ್ನು ಕೊನೆಯ ತನಕ ತಾನೇ ಎತ್ತಿ ಕೂರಿಸಿದ ಮನೆ ಮಾರಾಟಕ್ಕಿದೆ ಎಂದು ತಮ್ಮನಿಗೆ ತಿಳಿದದ್ದು ಬಾಗಿಲಲ್ಲಿ ಹಲಗೆಗಳನ್ನು ಇಳಿಸಿದಾಗ.

ಆ ಕೆಲಸವಾದರೂ ನೆಟ್ಟಗಿತ್ತೇ? ಬಡಗಿ ಮರವನ್ನು ಒಣಗಲು ಬಿಡಲಿಲ್ಲ. ಗೋಡೆಯ ಅಂಚಿನಲ್ಲಿ ಮರ ಹಿಗ್ಗಲು ಒಂದು ಬೆರಳಿನಷ್ಟೂ ಜಾಗ ಉಳಿಸದೆ ಒತ್ತೊತ್ತಾಗಿ ಜಡಿದು ಹೋದ. ಬಿಸಿಲಿನ ದಿನಗಳಲ್ಲಿ ಸಂದು ಬಿಟ್ಟ ನೆಲ ತೇವದ ದಿನಗಳಲ್ಲಿ ಉಬ್ಬಿತು. ಮೆಟ್ಟಿಲ ಮೇಲ್ತುದಿಯಲ್ಲಿ ಒಂದು ಹಲಗೆಯಂತೂ ಹೆಬ್ಬೆರಳ ದಪ್ಪ ಎದ್ದು ನಿಂತಿತು. ಮೊದಮೊದಲು ಎಲ್ಲರೂ ಎಡವಿದರು. ಆಮೇಲೆ ಉದ್ದ ಹೆಜ್ಜೆ ಹಾಕಿ ದಾಟುವುದನ್ನು ಕಲಿತರು.

ಫೋನ್ ಮಾಡಿದಾಗಲೆಲ್ಲ ಬಡಗಿಯದು ಒಂದೇ ರಾಗ: "ನಾಳೆ ಬೆಳಿಗ್ಗೆ ಎದ್ದ ಕೂಡ್ಲೇ ನಿಮ್ಮನೆ ಕೆಲಸಾನೇ ಸರ್." ಕೊನೆಗೆ ಮನೆಯಲ್ಲಿ ಅವನ ಹೆಸರೇ 'ನಾಳೆ' ಎಂದಾಯಿತು.

"ನಾಳೆ ಫೋನ್ ಎತ್ತಿದ್ನಾ?" ಎಂದು ತಮ್ಮನ ಹೆಂಡತಿ ಕೇಳುವಳು.

"ಎತ್ತಿದ. ನಾಳೆ ನಾಳೆ ಬರ್ತಾನಂತೆ."

ಅಣ್ಣನಿಗೆ ಇದೆಲ್ಲ ತಮಾಷೆ. "ಬಿಡೋ, ಮರ ಅಂದ್ಮೇಲೆ ಉಬ್ಬುತ್ತೆ. ನಿನ್ನ ಮುಖ ಯಾವಾಗ್ಲೂ ಉಬ್ಬಿರುತ್ತೆ, ನಾವು ಸಹಿಸ್ಕೊಂಡಿಲ್ವಾ?"

ಒಂದು ಬೆಳಿಗ್ಗೆ ಅಣ್ಣ ಪತ್ರಿಕೆ ಓದುತ್ತಲೇ ನಡೆದುಬಂದು ಆ ಹಲಗೆಗೆ ಎಡವಿದ. ಕೆಳಗೆ ಕಡಿದಾದ ಕಲ್ಲಿನ ಮೆಟ್ಟಿಲು. ಹಿಂದೆಯೇ ಇದ್ದ ತಮ್ಮ ಹಿಡಿಯಲೆಂದು ಕೈ ಚಾಚಿದ. ಅಷ್ಟರಲ್ಲಿ ಅಣ್ಣ ಕಂಬಿ ಹಿಡಿದುಕೊಂಡಿದ್ದ. ಚಾಚಿದ ಕೈ ಗಾಳಿಯಲ್ಲಿ ಹಾಗೇ ಉಳಿಯಿತು. ಹಿಡಿಯುವ ಕೈಗೂ ತಳ್ಳುವ ಕೈಗೂ ನೋಟದಲ್ಲಿ ಏನೇನೂ ವ್ಯತ್ಯಾಸವಿಲ್ಲ ಎಂದು ತಮ್ಮನಿಗೆ ಆಗ ಹೊಳೆಯಿತು. ಆ ದಿನ ಊಟ ಸೇರಲಿಲ್ಲ. ಮರುದಿನ ಸೇರಿತು.

ಅಲ್ಲಿಂದಾಚೆಗೆ ಅವನ ಗೊಣಗಾಟಕ್ಕೆ ಒಂದು ಗುರಿ ಬಂತು. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಕೂದಲೆಳೆಯಷ್ಟು ತಪ್ಪಿದರೂ ಗಿರಾಕಿಗೆ ತಲೆನೋವು ಬರುತ್ತದೆ ಎಂದು ಬಲ್ಲವನು. ಅದೇ ಶ್ರದ್ಧೆಯಿಂದ ಈ ಕೆಲಸಕ್ಕೂ ಕೂತ. ಬಡಗಿಗೆ ಅಂಗಡಿಯಿಂದಲೇ, ಎಲ್ಲರಿಗೂ ಕೇಳುವಂತೆ ಫೋನ್ ಮಾಡಿ ಬೈದ. ಪಕ್ಕದ ಮನೆಯ ಮೇಷ್ಟ್ರನ್ನು ಮೇಲೆ ಕರೆದು ಹಲಗೆ ತೋರಿಸಿದ. ಮನೆಗೆ ಬಂದ ಡಾಕ್ಟರು ಎಡವಿದಾಗ ಕೈಹಿಡಿದು ಕೂರಿಸಿ, "ಇಲ್ಲಿ ಒಂದಿನ ಯಾರಾದ್ರೂ ಸಾಯ್ತಾರೆ ನೋಡಿ" ಎಂದ. ಡಾಕ್ಟರು ಹೌದೆಂದು ತಲೆಯಾಡಿಸಿದರು. ಫಿರ್ಯಾದು ಹೇಳುವವನೇ ಅಪರಾಧಿ ಎಂದು ಯಾರು ತಿಳಿದಾರು? ಬಡಗಿಗೆ ಕೆಟ್ಟ ಹೆಸರು ಬರುತ್ತದೆ, ನಿಜ. ಅದು ಅವನೇ ತನ್ನ ಉಳಿಯಿಂದ ಕೆತ್ತಿಕೊಂಡದ್ದು. ಅವನ ಮೇಲೆ ಮೊಕದ್ದಮೆ ಹೂಡುವುದು ಬೇಡ, ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಡೋಣ ಎಂದೂ ತಮ್ಮ ನಿರ್ಧರಿಸಿಟ್ಟಿದ್ದ.

ಬಡಗಿ ಬಂದುಬಿಟ್ಟರೆ ಎಂಬ ಅಳುಕು ಮಾತ್ರ ಅವನಿಗೆ ಒಂದು ದಿನವೂ ಆಗಲಿಲ್ಲ. ಆ ಮನೆಯಲ್ಲಿ ಯಾರಿಗೂ ಆಗುತ್ತಿರಲಿಲ್ಲ.

ಮನೆ ಕೊಳ್ಳುವವರು ಭಾನುವಾರ ಸಹಿ ಹಾಕಲು ಬರುತ್ತಾರೆ ಎಂದು ಗೊತ್ತಾಯಿತು. ತಮ್ಮ ಶುಕ್ರವಾರವನ್ನು ಆರಿಸಿಕೊಂಡ. ಅಂದು ಹಲಗೆಯ ಕಡೆ ನೋಡಲೇಬಾರದು ಎಂದು ತನಗೆ ತಾನೇ ಕಟ್ಟಪ್ಪಣೆ ಮಾಡಿಕೊಂಡಿದ್ದ. ಮನಸ್ಸಿನಲ್ಲಿದ್ದುದು ಕಣ್ಣಿನಲ್ಲಿ ಕಾಣುತ್ತದೆ. ಅಂಗಡಿಯಿಂದ ಬಂದವನು ಎದುರಿನ ಗೋಡೆ ನೋಡುತ್ತಲೇ ಮೇಲೆ ಹೋಗಿ ಬಟ್ಟೆ ಬದಲಿಸಿ ಕೆಳಗೆ ಬಂದ. ತಲೆ ಸಿಡಿಯುತ್ತಿದೆ ಎಂದು ಹೇಳಿ ಹೆಂಡತಿಯನ್ನು ಮಾತ್ರೆ ತರಲು ಕಳಿಸಿದ. ಅವಳು ಬೀದಿ ತಿರುಗುವುದನ್ನು ಕಿಟಕಿಯಲ್ಲಿ ನೋಡಿ ಮತ್ತೆ ಮೇಲೆ ಹೋದ.

"ಅಣ್ಣಾ, ಕೆಳಗೆ ಬಾ, ಟೀ ಮಾಡ್ತೀನಿ."

"ಏನೋ, ಇವತ್ತು ನೆಲದ ಸುದ್ದೀನೇ ಇಲ್ಲ?" ಅಣ್ಣ ಏಳುತ್ತ ಕೇಳಿದ. ತುಟಿಯಂಚಿನಲ್ಲಿ ನಗುವಿತ್ತು.

"ಹೇಳಿ ಹೇಳಿ ಬಾಯಿ ಸೋತು ಹೋಯ್ತು."

"ಅಬ್ಬಾ, ನಿನ್ನ ಬಾಯೂ ಸೋಲುತ್ತಾ?"

ಅಣ್ಣ ಮುಂದೆ ನಡೆದ. ಮೆಟ್ಟಿಲ ತುದಿಯಲ್ಲಿ ಉದ್ದ ಹೆಜ್ಜೆ ಹಾಕಲಿಲ್ಲ. ವಯಸ್ಸಾಯಿತು, ಮರೆತಿದ್ದಾನೆ, ಒಳ್ಳೆಯದೇ ಆಯಿತು ಎಂದುಕೊಂಡ ತಮ್ಮ ಎರಡೂ ಕೈ ಚಾಚಿದ. ಈ ಸಲ ಅಣ್ಣನ ಕೈಗೆ ಕಂಬಿ ಸಿಗಲಿಲ್ಲ.

ಮುಂದಿನದೆಲ್ಲ ಅಂದುಕೊಂಡ ಹಾಗೆಯೇ ನಡೆಯಿತು. ತಮ್ಮ ಕೂಗಿದ, ಮೇಷ್ಟ್ರು ಓಡಿಬಂದರು. ಡಾಕ್ಟರು ನಾಡಿ ಹಿಡಿದು ನೋಡಿ ಕೈ ಬಿಟ್ಟರು. ಹೆಂಡತಿ ಮಾತ್ರೆಯ ಪೊಟ್ಟಣ ಹಿಡಿದು ಹೊಸ್ತಿಲಲ್ಲೇ ಕುಸಿದಳು. ತಮ್ಮನಿಗೆ ಅಳು ಬಂತು. ಅದು ನಿಜವಾದ ಅಳು, ಅದಕ್ಕೆ ಅವನಿಗೇ ಆಶ್ಚರ್ಯವಾಯಿತು. ಪೊಲೀಸ್ ಅಧಿಕಾರಿಣಿ ಮೆಲುದನಿಯಲ್ಲಿ ಕೇಳಿದಾಗ ಒಂದೊಂದೇ ಮಾತು ಜೋಡಿಸಿ ಹೇಳಿದ: ಎದ್ದು ನಿಂತಿದ್ದ ಹಲಗೆ, ಅದಕ್ಕೆ ತಗುಲಿದ ಅಣ್ಣನ ಹೆಬ್ಬೆರಳು, ಹಿಡಿಯಲು ಚಾಚಿದ ತನ್ನ ಕೈ. "ನನ್ನ ಕಣ್ಣೆದುರೇ ಎಡವಿದ ಮೇಡಂ. ಎಷ್ಟು ಸಲ ಹೇಳಿದ್ದೆ, ಇವರನ್ನೇ ಕೇಳಿ." ಮೇಷ್ಟ್ರು ಹೌದೆಂದರು. ಡಾಕ್ಟರೂ ಹೌದೆಂದರು. ಅಧಿಕಾರಿಣಿ ಬರೆದುಕೊಂಡಳು.

ಮೂಲೆಯಲ್ಲಿ ಕೂತಿದ್ದ ಹೆಂಡತಿ ಆಗ ಸೆರಗಿನಿಂದ ಮುಖ ಒರೆಸಿಕೊಂಡು, ಅರ್ಥವಾಗದವಳಂತೆ ಅವನತ್ತ ನೋಡಿದಳು. "ಯಾವ ಹಲಗೆ ರೀ? ಮಧ್ಯಾಹ್ನ ಭಾವ ತಾವೇ ಹೋಗಿ ಬಡಗಿನ ಎಳ್ಕೊಂಡು ಬಂದ್ರಲ್ಲ. ನಿಮ್ಮ ಗೊಣಗಾಟ ಇವತ್ತಿಗೆ ಮುಗೀಲಿ ಅಂತ, ಎದುರಿಗೇ ಕೂತು, ಅಂಚು ಕೊಯ್ಸಿ ಜಾಗ ಬಿಡಿಸಿ, ಅದನ್ನ ಕೂರಿಸಿದ್ರು. ಈಗ ಕೈಯಾಡಿಸಿದ್ರೂ ಗೊತ್ತಾಗಲ್ಲ. ಹೇಳ್ಬೇಡಮ್ಮ, ಅವನಿಗೆ ಯಾವಾಗ ಗೊತ್ತಾಗುತ್ತೋ ನೋಡೋಣ ಅಂದ್ರು. ಸಂಜೆ ನೀವು ಮೇಲೆ ಹೋಗುವಾಗ ಒಂದ್ಸಲ, ಬರುವಾಗ ಒಂದ್ಸಲ, ಏನೂ ಇಲ್ಲದ ಸಮ ನೆಲದ ಮೇಲೆ ಕಾಲೆತ್ತಿ ದಾಟಿದ್ರಿ. ಭಾವ ಬಾಯಿಗೆ ಟವೆಲ್ ಒತ್ಕೊಂಡು ನಗ್ತಾ ಇದ್ರು."