ಅಸಲಿ ತೋಳ

ಆಗಸ್ಟ್ 19, 2025, ಬೆಳಿಗ್ಗೆ 9.20. ಚಿಂಚೋಳಿ ಠಾಣೆಗೆ ಬಂದ ಚೌಡೇಶನ ದೂರನ್ನು ಪಿಎಸ್‌ಐ ಭಾಗ್ಯಜ್ಯೋತಿ ಎರಡು ಸಲ ಓದಿದರು. ಕಳುವಾದದ್ದು ಅಂಚೆಚೀಟಿಯಷ್ಟಗಲದ ಒಂದು ಮೆಮೊರಿ ಕಾರ್ಡು.

"ಕ್ಯಾಮೆರಾ ಬಿಟ್ಟು ಕಾರ್ಡಷ್ಟೇ ಒಯ್ದಾರೇನು?"

"ಹೌದ್ರಿ ಮೇಡಂ. ಅದರಾಗೇ ತೋಳದ ಫೋಟೊ ಇತ್ರಿ."

ಆ ಫೋಟೊ ತಾಲೂಕಿಗೆಲ್ಲ ಗೊತ್ತಿತ್ತು. ಚಂದ್ರಂಪಳ್ಳಿ ಜಲಾಶಯದ ಹಿನ್ನೀರು, ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ದಾಟುತ್ತಿರುವ ತಾಯಿ ತೋಳ, ಸುತ್ತ ನೂರಾರು ಕೊಕ್ಕರೆ. ಒಂದೂ ಹಾರಿಲ್ಲ. ಮೀನು ಹಿಡಿಯುವ ಮನೆತನದ ಚೌಡೇಶ ಅಪ್ಪನ ತೆಪ್ಪದಲ್ಲಿ ಕೂತು ತೆಗೆದದ್ದು. ಸ್ಪರ್ಧೆಯವರು ಮೊದಲ ಬಹುಮಾನ ಘೋಷಿಸಿದ ವಾರಕ್ಕೇ, ಇದು ಎಐ ಹೆಣೆದ ಚಿತ್ರವೆಂದು ಅವರಿಗೊಂದು ಮೂಗರ್ಜಿ ಹೋಯಿತು. ಕ್ಯಾಮೆರಾದ ಮೂಲ ಫೈಲನ್ನು 22ರೊಳಗೆ ತೋರಿಸದಿದ್ದರೆ ಮೋಸಗಾರನೆಂದು ಪ್ರಕಟಿಸುವುದಾಗಿ ಅವರು ಬರೆದಿದ್ದರು.

"ಕಾಪಿ ಮಾಡಿಟ್ಟಿಲ್ಲೇನು?"

"ಸಣ್ಣದು ಮಾಡಿ ಕಳಿಸಿದ್ದಷ್ಟೇ ಅದರಿ. ಮೂಲ ಕಾರ್ಡಿನ್ಯಾಗೇ ಬಿಟ್ಟಿದ್ದೆ. ಈಗ ಮದಿವಿ ಫೋಟೊ ತೆಗೀಲಿಕ್ಕಿ ಹೋದಲ್ಲೆಲ್ಲಾ, ‘ಮದುಮಗ ನಮ್ಮವನೇ ಇರ್ಲಪಾ, ಎಐ ಹಾಕಬ್ಯಾಡ’ ಅಂತ ಕಾಡ್ಲಿಕತ್ತಾರ್ರಿ."

ಹೆಡ್ ಕಾನ್‌ಸ್ಟೆಬಲ್ ಮಶಾಕ ಮೀಸೆಯೊಳಗೆ ನಕ್ಕು, ಹುಡುಗನ ಮುಖ ನೋಡಿ ಕಾಗದ ಎಳೆದುಕೊಂಡ.

9.50ಕ್ಕೆ ಎಫ್‌ಐಆರ್ ದಾಖಲಾಯಿತು. ಪಂಚನಾಮೆಯ ಫೋಟೊಗಳಿಗೆ ಮಶಾಕ ಎಂದಿನಂತೆ ಮಡಿವಾಳಯ್ಯನವರಿಗೆ ಫೋನು ಮಾಡಿದ. ಇಪ್ಪತ್ತಾರು ವರ್ಷಗಳಿಂದ ಠಾಣೆಗೆ ಅವರದೇ ಕ್ಯಾಮೆರಾ. ಅವರ ಫೋಟೊವನ್ನು ಕೋರ್ಟಿನಲ್ಲಿ ಯಾವ ವಕೀಲನೂ ಅಲ್ಲಗಳೆದಿರಲಿಲ್ಲ.

10.30ಕ್ಕೆ ಚಂದಾಪುರದಲ್ಲಿ ಚೌಡೇಶನ ಸ್ಟುಡಿಯೊ. ಹಿಂಬಾಗಿಲ ಚಿಲಕ ಸಡಿಲಾಗಿತ್ತು. ಮಡಿವಾಳಯ್ಯ ಒಳಗೆ ಫೋಟೊ ತೆಗೆಯುತ್ತಿದ್ದರೆ, ಭಾಗ್ಯಜ್ಯೋತಿ ಹೊರಗೆ ಚೌಡೇಶನ ಹೇಳಿಕೆ ಪಡೆದರು. ಆಮೇಲೆ ಪಂಚರ ಮುಂದೆ ಅವನು ಹಲಗೆಯ ಮೇಲಿನ ಆರು ಡಬ್ಬಿಗಳಲ್ಲಿ ಒಂದನ್ನು ಇಳಿಸಿದ. ತೇವ ತಾಗದಿರಲೆಂದು ಕಾರ್ಡನ್ನು ಅಕ್ಕಿಯಲ್ಲಿ ಹುದುಗಿಸಿಟ್ಟಿದ್ದನಂತೆ. ಮಶಾಕ ಸಮಯ ಬರೆದುಕೊಂಡ: 10.55.

ಮಧ್ಯಾಹ್ನ ಠಾಣೆಯಲ್ಲಿ ಭಾಗ್ಯಜ್ಯೋತಿ ಆ ಫೋಟೊಗಳನ್ನು ತೆರೆದರು. ಮೊದಲನೆಯದು ಗೋಡೆ, ಎರಡನೆಯದು ಚಿಲಕ. ಮೂರನೆಯದರಲ್ಲಿ ಆರರ ಪೈಕಿ ಆ ಒಂದೇ ಡಬ್ಬಿ, ಹತ್ತಿರದಿಂದ.

"ಮಶಾಕ, ಇದು ಹತ್ತು ಮೂವತ್ತಾರರದು. ಹುಡುಗ ಡಬ್ಬಿ ತೋರಿಸಿದ್ದು ಹತ್ತು ಐವತ್ತೈದಕ್ಕ."

"ಕ್ಯಾಮೆರಾ ಟೈಮ್ ತಪ್ಪಿರಬೇಕ್ರಿ."

ಮೊದಲನೆಯ ಫೋಟೊದಲ್ಲಿ ಸ್ಟುಡಿಯೊದ ಗೋಡೆ ಗಡಿಯಾರವಿತ್ತು. ಅದೂ ಕ್ಯಾಮೆರಾವೂ ತೋರಿಸಿದ್ದು 10.34.

"ನಮ್ಮ ಮಡಿವಾಳಯ್ಯಾರಾ?" ಎಂದ ಮಶಾಕ.

ಸಂಜೆ 4.15. ಮಡಿವಾಳಯ್ಯನವರ ಮನೆ.

"ಬರ್ರಿ, ಕುಂದ್ರಿ. ಚಾ ಮಾಡಸ್ತೀನಿ."

"ಚಾ ಇರ್ಲಿ, ಅಯ್ಯಾರ. ಈ ಡಬ್ಬಿ ನಿಮಗ ಯಾರು ತೋರಿಸಿದ್ರು?"

ಅವರು ಫೋಟೊದ ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿದರು. "ಕೈ ತಾನೇ ಅತ್ತಾಗ ಹೋಗ್ಯದರಿ," ಎಂದರು. "ಮೂಗರ್ಜಿ ಬರ್ದಾಂವನೂ ನಾನೇ. ಮೂವತ್ತು ವರ್ಷ ಆ ನೀರಿನ ದಂಡೀಗಿ ಕುಂತೀನಿ, ನನಗ ಕಾಣದ್ದು ಈ ಹುಡುಗಗ ಹ್ಯಾಂಗ ಕಾಣ್ತದ? ಸುಳ್ಳಂತ ಹಿಡದ್ ತೋರಸ್ಬೇಕಂತೇ ಶನಿವಾರ ಡಬ್ಬಿ ಎಲ್ಲಾ ತಡಕಿ ಕಾರ್ಡ್ ತಂದೆ."

"ಮತ್ತ?"

ಅವರು ಕಂಪ್ಯೂಟರಿನತ್ತ ಕೈ ಮಾಡಿದರು. ಕಾರ್ಡು ಅದರಲ್ಲೇ ಇತ್ತು.

ನಲವತ್ತೊಂದು ಫೋಟೊ. ಮೊದಲ ಹನ್ನೆರಡರಲ್ಲಿ ಬರೀ ಮಂಜು, ನೀರು. ಹದಿಮೂರರಲ್ಲಿ ಆಪುಹುಲ್ಲಿನ ನಡುವೆ ಒಂದು ಕಿವಿ. ಆಮೇಲೆ ಮೂತಿ, ಮರಿ, ನೀರಿಗಿಟ್ಟ ಮೊದಲ ಹೆಜ್ಜೆ. ಹತ್ತಿರದ ಕೊಕ್ಕರೆಯೊಂದು ಕಾಲೆತ್ತಿ ದಾರಿ ಬಿಟ್ಟಿತ್ತು. ಕಾಲಿನಿಂದ ಬೀಳುತ್ತಿದ್ದ ಹನಿಯಲ್ಲಿ ಸೂರ್ಯನಿದ್ದ. ತೋಳ ತಲೆಯೆತ್ತಿ ನೇರ ನೋಡಿತು. ಭಾಗ್ಯಜ್ಯೋತಿ ಆ ಫೋಟೊವನ್ನು ಮತ್ತೊಮ್ಮೆ ತೆರೆದರು. ಪಕ್ಕದಲ್ಲಿ ಮಶಾಕ, "ಯಾ ಅಲ್ಲಾ," ಎಂದ, ಮೆಲ್ಲಗೆ.

"ಖರೇ ಅಂತ ತಿಳದ್ ಮ್ಯಾಲ ವಾಪಸ್ ಯಾಕ ಇಡ್ಲಿಲ್ಲ?"

"ಇಡಬೇಕಂತ ದಿನಾ ಅಂಗಿ ಹಾಕ್ಕೋತಿದ್ದೆರಿ. ಇನ್ನೊಮ್ಮಿ ನೋಡಿ ಹೋಗೂಣು ಅಂತ ಕುಂದರ್ತಿದ್ದೆ."

ಜಪ್ತಿ ಪಂಚನಾಮೆ ಮುಗಿಸಿ 5.40ಕ್ಕೆ ಬಂಧಿಸಿದರು. ಹೊಟ್ಟೆಕಿಚ್ಚಿಗೆ ಕದ್ದೆನೆಂದು ಅವರು ಹೇಳಿಕೆಯಲ್ಲಿ ತಾವೇ ಬರೆಸಿದರು. ಸೀಲಾದ ಕಾರ್ಡು ಇನ್ನು ಕೋರ್ಟಿಗೆ ಹೋಗಬೇಕು, ಅಲ್ಲಿಯ ಅಪ್ಪಣೆಯಿಲ್ಲದೆ ನಕಲೂ ತೆಗೆಯುವಂತಿಲ್ಲ, 22ರೊಳಗೆ ಬಿಡುಗಡೆಯಾಗದು ಎಂದು ಕೇಳಿದ ಚೌಡೇಶ ಠಾಣೆಯ ಬೆಂಚಿನಿಂದೆದ್ದು, "ಹಂಗಾದ್ರ ನಾ ಮೋಸಗಾರನೇ ಏನ್ರಿ?" ಎಂದ.

"ಮೇಡಂ, ಒಂದು ಹಾಳಿ ಕೊಡ್ರಿ," ಎಂದರು ಮಡಿವಾಳಯ್ಯ.

ಫೋಟೊಗಳು ನಿಜವೆಂದು ಕೋರ್ಟಿಗೆ ನೂರಾರು ಸಲ ದೃಢೀಕರಣ ಪತ್ರ ಬರೆದ ಕೈ. ಮೂಗರ್ಜಿ ತನ್ನದೆಂದೂ, ಕಾರ್ಡು ಕದ್ದವನು ತಾನೇ ಎಂದೂ ಮೊದಲು ಬರೆದರು. ಆಮೇಲೆ ಪಂಚನಾಮೆಯಲ್ಲಿ ದಾಖಲಾದ ನಲವತ್ತೊಂದು ಫೋಟೊಗಳ ಸಮಯವನ್ನು ಒಂದೊಂದಾಗಿ. ಸ್ಪರ್ಧೆಯವರಿಗೆ ಕಳಿಸುವ ಠಾಣೆಯ ಪತ್ರದ ಜೊತೆ ಲಗತ್ತಿಸುವ ಮುನ್ನ ಭಾಗ್ಯಜ್ಯೋತಿ ಅದನ್ನು ಚೌಡೇಶನ ಕೈಗಿತ್ತರು. ಕೊನೆಯ ಸಾಲು ಹೀಗಿತ್ತು: ತೋಳ ಬಂದಿತ್ತು, ಕೊಕ್ಕರೆಗಳು ಹಾರಲಿಲ್ಲ, ಇದು ನಡೆದದ್ದು.