ಗದ್ದೆಗೆ ಹೋದ ಕಂಬಳಿ ಅಂಗಡಿ

"ಅಣ್ಣಾರ, ನಿಮ್ಮ ಅಂಗಡಿ ಎಲ್ಲೈತ್ರಿ?"

"ಬೆಳಗಾವ್ಯಾಗ ಐತ್ರಿ. ಕೋಟಿ ಕೆರಿ ಎದುರಿಗೆ."

"ಮ್ಯಾಪು ಬಂದು ಮುಟ್ಟಿದ್ರಿ ಅನ್ನಾಕತ್ತೈತಿ. ನಾ ನೋಡಿದ್ರ ಭತ್ತದ ಗದ್ದಿ ದಂಡಿಗೆ ನಿಂತೇನಿ. ಒಂದು ಎಮ್ಮಿ ಬಿಟ್ರ ಯಾರೂ ಇಲ್ಲ!"

ಫೋನಿನ ಈಚೆ ಸಿದರಾಯನಿಗೆ ನಗು ತಡೆಯಲಾಗಲಿಲ್ಲ. "ಎಮ್ಮಿ ಕಂಬಳಿ ಮಾರೂದಿಲ್ರಿ, ತಂಗೀ. ಯಾ ಊರಿನ ಗದ್ದಿ ಅದು?"

"ಖಾನಾಪುರದ ಹತ್ರ ಅಂತ ತೋರಸ್ತೈತಿ. ಇಲ್ಲೇ ಬಾಜೂಕ—"

"ಖಾನಾಪುರ?"

ನಗು ಅಲ್ಲೇ ನಿಂತಿತು. ಆಕೆ ಇನ್ನೂ ಏನೋ ಹೇಳುತ್ತಿದ್ದಳು, ಸಿದರಾಯ ಕೇಳಿಸಿಕೊಳ್ಳದೆ ಫೋನ್ ಇಟ್ಟುಬಿಟ್ಟ. ಖಾನಾಪುರ ಎಂಬ ಒಂದೇ ಮಾತು ಅವನ ಕಿವಿಯಲ್ಲಿ ಕುಂತುಬಿಟ್ಟಿತು. ಗೋವಾದ ಮಡಗಾಂವದಿಂದ ಲೋಂಡಾ ದಾರಿ ಹಿಡಿದು, ತಾಯಿಯ ಬೆನ್ನುನೋವಿಗೆಂದು ಕರಿ ಕಂಬಳಿ ಹುಡುಕಿಕೊಂಡು ಹೊರಟಿದ್ದ ಆ ಹೆಣ್ಣುಮಗಳ ಹೆಸರು ಅನುರಾಧಾ. ಆಕೆ ಬರಿಗೈಲೆ ತಿರುಗಿ ಹೋದಳು.

ಹೊಸ ಫೋನನ್ನು ಅಂಗಿಗೆ ಒರೆಸಿ ಸಿದರಾಯ ಮ್ಯಾಪು ತೆಗೆದು ನೋಡಿದ. ಕೋಟೆ ಕೆರೆಯ ಎದುರು, ಮೂವತ್ತು ವರ್ಷ ತಾನು ಕುಂತ ಜಾಗದಲ್ಲಿ, ಏನೂ ಇಲ್ಲ. 'ಬೀರೇಶ್ವರ ಕಂಬಳಿ ಅಂಗಡಿ' ಎಂಬ ಹೆಸರು ಹದಿನಾರು ಹದಿನೇಳು ಮೈಲು ಆಚೆ, ಹಸಿರು ಬಣ್ಣದ ನಡುವೆ ಒಂಟಿಯಾಗಿ ನಿಂತಿತ್ತು.

ಹಂಗಾದರೆ ಹದಿನೈದು ದಿನದಿಂದ ಗಿರಾಕಿ ಬಾರದಿದ್ದದ್ದು ಇದಕ್ಕೇ! ಕ್ಯಾಂಪಿನ ಸಿಪಾಯಿಗಳು, ಸದಾಶಿವನಗರದ ಬಾಯಂದಿರು, ಗೋವಾದ ಕಾರುಗಳು— ಎಲ್ಲರನ್ನೂ ಕರೆತರುತ್ತಿದ್ದದ್ದು ಈ ಮ್ಯಾಪೇ. ಚಳಿಗಾಲದ ನಾಲ್ಕು ತಿಂಗಳೇ ಕಂಬಳಿಯವನ ಸುಗ್ಗಿ. ಅದರಲ್ಲಿ ಅರ್ಧ ತಿಂಗಳು ಗದ್ದೆಯ ಪಾಲಾಗಿತ್ತು.

ಯಾರು ಮಾಡಿದರು?

ಸಿದರಾಯ ಬಾಜೂ ಅಂಗಡಿಯ ಕಡೆ ನೋಡಿದ. ಅದು ಕಾಸಿಮಸಾಬ ಹತ್ತಿ ಬಡಿದು ಹಾಸಿಗೆ ಹೊಲಿಯುವ ಗಾದಿ ಅಂಗಡಿ. ಎರಡು ಅಂಗಡಿಗೂ ಸೇರಿ ಒಂದೇ ಬಾಕು, ಉದ್ದನೆಯ ಮರದ ಬೆಂಚು. ಸಂಜೆಯ ಚಹಾ ಇಬ್ಬರೂ ಅದರ ಮೇಲೆಯೇ ಕುಂತು ಕುಡಿಯುವುದು. ಕಾಸಿಮಸಾಬನ ಮಗ ಶಾದಾಬನೇ ಎರಡು ವರ್ಷದ ಹಿಂದೆ ಕಂಬಳಿ ಅಂಗಡಿಯನ್ನು ಮ್ಯಾಪಿಗೆ ಏರಿಸಿದವನು. ಫೋಟೋ ತೆಗೆದ, ವೇಳೆ ಬರೆದ, ಒಂದು ಪೈಸೆ ಮುಟ್ಟಲಿಲ್ಲ. ಅದನ್ನು ನೋಡಿ ಪೇಟೆಯವರೆಲ್ಲ ಅವನನ್ನು ಕರೆದರು. ಈಗ ಅದೇ ಅವನ ಉದ್ಯೋಗ.

ಪಾಸ್‌ವರ್ಡು ಗೊತ್ತಿದ್ದದ್ದು ಅವನೊಬ್ಬನಿಗೆ. ಅವನ ತಾಯಿ ಬಿಲ್ಕೀಸಳ ತವರು ಖಾನಾಪುರ. ಹೋದ ತಿಂಗಳಿನಿಂದ ಕಾಸಿಮಸಾಬ ಗಾದಿಯ ಜೋಡಿ ಮಿಲ್ಲಿನ ರಗ್ಗು ಬೇರೆ ಮಾರತೊಡಗಿದ್ದ.

ಇನ್ನೇನು ಬೇಕು?

"ಏ ಶಾದಾಬಾ! ನನ್ನ ಅಂಗಡಿ ನಿಮ್ಮ ಅಜ್ಜನ ಊರಿಗೆ ಒಯ್ದಿ ಏನಲೇ?"

"ಏನಂತೀರಿ ಕಾಕಾ? ನಾ ಯಾಕ ಒಯ್ಯಲಿ?"

"ನಿಮ್ಮಪ್ಪನ ರಗ್ಗು ಖಾಲಿ ಆಗಬೇಕಲ್ಲ!"

ಪೇಟೆ ಕೂಡಿತು. ಸಿದರಾಯನ ಸಿಟ್ಟು ನೆತ್ತಿಗೇರಿತು. ಮಡಚಿಟ್ಟ ರಾಶಿಯಿಂದ ಕರಿ ಕಂಬಳಿಯೊಂದನ್ನು ಸೆಳೆದು, ಅದರ ಮೇಲೆ ಅಂಗೈ ಊರಿ, "ಇಂವನೇ ಕಳ್ಳ. ಬೀರಪ್ಪನ ಆಣಿ!" ಎಂದುಬಿಟ್ಟ.

ಕುರುಬರವನು ಕುಲದೇವರ ಹೆಸರೆತ್ತಿ, ಕಂಬಳಿ ಮುಟ್ಟಿ ಆಡಿದ ಮಾತು. ಪೇಟೆಯಲ್ಲಿ ಯಾರೂ ಮರುಪ್ರಶ್ನೆ ಕೇಳಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ. ಶಾದಾಬನ ಉದ್ಯೋಗಕ್ಕೂ ಮ್ಯಾಪಿನಲ್ಲಿ ಒಂದು ಹೆಸರಿತ್ತು. ಅದರ ಕೆಳಗೆ ಐದು ನಕ್ಷತ್ರದಲ್ಲಿ ಒಂದನ್ನೇ ಒತ್ತಿ, ಸಿದರಾಯ ಬೆರಳಿನಿಂದ ಹುಡುಕಿ ಹುಡುಕಿ ಬರೆದ: 'ಕಳ್ಳ. ನಂಬಬ್ಯಾಡ್ರಿ.'

ವಾರದೊಳಗೆ ಆರು ಅಂಗಡಿಯವರು ಶಾದಾಬನ ಕೆಲಸ ಬಿಡಿಸಿದರು. ಕಾಸಿಮಸಾಬ ಬಾಕನ್ನು ಎತ್ತಿ ಒಳಗಿಟ್ಟ, ಅಷ್ಟೆ.

*

ಪ್ರಮಿಳಾಬಾಯಿಯನ್ನು ಕರೆಸಿದ್ದು ಸಿದರಾಯನ ಹೆಂಡತಿ ಭರಮವ್ವ. ಕ್ಯಾಂಪಿನ ಟಪಾಲ ಕಚೇರಿಯಲ್ಲಿ ಮೂವತ್ತೊಂದು ವರ್ಷ ವಿಳಾಸ ತಪ್ಪಿದ ಪತ್ರಗಳಿಗೆ ದಾರಿ ತೋರಿಸಿ ನಿವೃತ್ತಳಾದ ಬಾಯಿ. ಸಣ್ಣ ಕಣ್ಣು, ದೊಡ್ಡ ಚಾಳೀಸಿನ ಕನ್ನಡಕ.

"ಪೊಲೀಸರಿಗಿಂತ ನೀವ ಚಲೋ, ಬಾಯಾರ" ಎಂದಳು ಭರಮವ್ವ. "ಆ ಹುಡುಗ ನನ್ನ ಕೈಯಾಗ ಉಂಡು ಬೆಳದೈತಿ. ಖರೇ ಏನೈತಿ ನೋಡ್ರಿ."

ಬಾಯಿ ಮೊದಲು ಗಾದಿ ಅಂಗಡಿಗೇ ಹೋದಳು. ಸಿದರಾಯ ಹಿಂದೆ ನಿಂತ.

"ಶಾದಾಬ, ಅಂಗಡಿಯ ಜಾಗಾ ಬದಲಾದ ದಿನ ಯಾವುದು?"

"ಹೋದ ಅಮಾಸಿ ದಿನಾರೀ. ಮುಂಜಾನಿ ಹನ್ನೊಂದೂ ಇಪ್ಪತ್ತಕ್ಕ. ಅದರಾಗ ದಾಖಲ ಐತಿ."

"ಆವಾಗ ನೀ ಎಲ್ಲಿದ್ದಿ?"

"ಶಶಿಧರಣ್ಣನ ಖಾನಾವಳಿ ಫೋಟೋ ತಗೀತಿದ್ದೆ."

"ಎಲ್ಲಿದ್ರೇನು?" ಸಿದರಾಯ ನಡುವೆ ಬಾಯಿ ಹಾಕಿದ. "ಕುಂತಲ್ಲೇ ಕುಂತು ಸರಸಬಹುದಲ್ಲ!"

"ಸರಸಬಹುದು" ಎಂದಳು ಬಾಯಿ. "ಆದ್ರ ಎಲ್ಲಿಗೆ? ಸಿದರಾಯಣ್ಣ, ಆ ಗೋವಾ ಹೆಣ್ಣಮಗಳು ನಿಂತ ಜಾಗಾದಾಗ ಏನಿತ್ತು?"

"ಗದ್ದಿ. ಎಮ್ಮಿ."

"ಮತ್ತ?"

ಬಾಯಿ ಸಿದರಾಯನ ಫೋನನ್ನು ಇಸಕೊಂಡಳು. ತಿರುಗಿಸಿ ನೋಡಿದಳು. ಚಾಳೀಸು ಮೇಲೇರಿಸಿ ಇನ್ನೊಮ್ಮೆ ನೋಡಿದಳು. ಆಮೇಲೆ ಅನುರಾಧಾಳ ನಂಬರು ಒತ್ತಿ, ಎಲ್ಲರಿಗೂ ಕೇಳುವ ಹಾಗೆ ಗಲ್ಲೆ ಪೆಟ್ಟಿಗೆಯ ಮೇಲಿಟ್ಟಳು.

"ಗದ್ದಿ ಬಾಜೂಕ ಏನಿತ್ತವಾ?"

"ಅದನ್ನ ಹೇಳಾಕ ಹೋಗಿದ್ದೆ, ಅಣ್ಣಾರು ಫೋನ್ ಇಟ್ಟಬಿಟ್ರು. ಒಂದು ಸಣ್ಣ ಹಂಚಿನ ಗುಡಿ ಇತ್ರಿ. ಮ್ಯಾಪಿನ ಗುರುತು ಅದರ ಹೊಸ್ತಿಲದ ಮ್ಯಾಲೇ ಇತ್ತು. ಒಳಗ ಕಲ್ಲಿನ ಮ್ಯಾಲೆ ಕರಿ ಕಂಬಳಿ, ಮೈತುಂಬ ಅರಿಷಿಣದ ಭಂಡಾರ."

"ಅದು ನಮ್ಮ ಬೀರಪ್ಪನ ಗುಡಿ!" ಎಂದ ಸಿದರಾಯ.

ಅವನ ಮನೆತನದ ಗುಡಿ ಅದು. ಖಾನಾಪುರದಿಂದ ಎರಡು ಮೈಲು ಆಚೆ, ಗಾಡಿದಾರಿಯೂ ಇಲ್ಲದ ಜಾಗ. ಐದು ಮನೆಯವರನ್ನು ಬಿಟ್ಟರೆ ಹೊರಗಿನವರು ಅಲ್ಲಿಗೆ ಕಾಲಿಡುವುದಿಲ್ಲ.

"ಶಾದಾಬ, ನೀ ಆ ಗುಡಿ ನೋಡಿಯೇನು?" ಎಂದು ಬಾಯಿ ಕೇಳಿದಳು.

"ಇಲ್ರಿ. ಹೆಸರೂ ಕೇಳಿಲ್ಲ."

"ಮೂವತ್ತೊಂದು ವರ್ಷ ತಪ್ಪಿದ ವಿಳಾಸ ಓದೀನಿ" ಎಂದಳು ಪ್ರಮಿಳಾಬಾಯಿ. ದನಿ ಏರಲಿಲ್ಲ, ಇಳಿಯಲಿಲ್ಲ. "ಕೇಡು ಬಯಸಿದಂವ ಅಂಗಡೀನ ಹಾಳಬಾವಿಗೆ ಎಸೀತಿದ್ದ, ಇಲ್ಲಾ ತನ್ನ ಅಂಗಡಿ ಕಡೆ ತಿರುಗಿಸ್ಕೋತಿದ್ದ. ಯಾರದೋ ಮನಿದೇವರ ಹೊಸ್ತಿಲ ಹುಡುಕಿ ಇಡ್ತಿರಲಿಲ್ಲ. ಆ ಗುರುತು ಇಟ್ಟ ಹೆಬ್ಬೆರಳು ಅದೇ ಹೊಸ್ತಿಲದಾಗ ನಿಂತಿತ್ತು."

ಫೋನಿನ ಕವರು ಕಳಚಿ ಗಲ್ಲೆಯ ಮೇಲೆ ಕೊಡವಿದಳು. ಅಂಚಿನ ಸಂದಿಯಿಂದ ಚಿಟಿಕೆಯಷ್ಟು ಹಳದಿ ಉದುರಿತು. ಭಂಡಾರ.

"ಸಿದರಾಯಣ್ಣ, ಈ ಫೋನು ಯಾವಾಗ ತಗೊಂಡ್ರಿ?"

"ಅಮಾಸಿ… ಹಿಂದಿನ ದಿನ."

ಮುಂದಿನದನ್ನು ಹೇಳಿದ್ದು ಭರಮವ್ವ. ಅವಳು ಯಾವಾಗ ಬಂದು ನಿಂತಿದ್ದಳೋ. "ನಮ್ಮಾಗ ಹೊಸ ಕತ್ತರಿ ತಂದ್ರೂ, ಹೊಸ ಮಗ್ಗ ಇಟ್ರೂ ಮೊದಲ ಬೀರಪ್ಪನ ಮುಂದ ಇಡತೀವ್ರಿ. ಭಂಡಾರ ಹಚ್ಚಿ, 'ಇದು ನಿಂದು, ಅಂಗಡಿನೂ ನಿಂದು, ನಾ ಬರೇ ಕೂಲಿಯಂವ' ಅಂತ ಹೇಳಬೇಕು. ಆ ಅಮಾಸಿಗೆ ಫೋನ್ ಒಯ್ದಿದ್ವಿ. ನಾನೂ ಇದ್ದೆ."

ಸಿದರಾಯನಿಗೆ ಆ ಮುಂಜಾನೆ ಕಣ್ಣಿಗೆ ಕಟ್ಟಿತು. ಎಣ್ಣೆದೀಪ, ಕಲ್ಲಿನ ತಂಪು. ಭಂಡಾರ ಹಚ್ಚಿ ಕೈಮುಗಿದಾಗಲೇ ಫೋನು ಬೆಳಗಿತ್ತು. ತೆರೆಯ ಮೇಲೆ, ಶಾದಾಬ ಹಿಂದಿನ ದಿನವೇ ಫೋನಿಗೆ ಹಾಕಿಕೊಟ್ಟಿದ್ದ ಅಂಗಡಿಯ ಹೆಸರು. ಕೆಳಗೆ ಒಂದು ಪ್ರಶ್ನೆ— 'ನಿಮ್ಮ ಅಂಗಡಿ ಇರುವುದು ಇಲ್ಲಿಯೇ?' ದೇವರೇ ಕೇಳಿದಂತೆ ಮೈ ಜುಂ ಎಂದಿತ್ತು. ಆ ಹೊಸ್ತಿಲಲ್ಲಿ ನಿಂತು ಅಲ್ಲ ಎನ್ನುವುದು ಹೇಗೆ? ಹಳದಿ ಹೆಬ್ಬೆರಳಿನಿಂದ 'ಹೌದು' ಒತ್ತಿ, ಫೋನನ್ನು ಹಣೆಗೆ ಒತ್ತಿಕೊಂಡಿದ್ದ.

"ನಾನ…" ಎಂದ.

"ಹೌದ್ರಿ, ನೀವ" ಎಂದಳು ಬಾಯಿ. "ಭಕ್ತೀಲೆ ಒತ್ತಿದ್ರಿ, ಅದು ತಪ್ಪಲ್ಲ. ಖಾನಾಪುರ ಅಂದ ಕೂಡಲೆ ನಿಮಗ ನಿಮ್ಮ ದೇವರು ನೆನಪಾಗಲಿಲ್ಲ. ಬಿಲ್ಕೀಸಳ ತವರು ನೆನಪಾತು. ತಪ್ಪಿದ್ದು ಅಲ್ಲಿ."

ಸಿದರಾಯ ತಲೆ ಎತ್ತಲಿಲ್ಲ. ಯಾವ ಬೀರಪ್ಪನಿಗೆ ಅಂಗಡಿ ನಿನ್ನದು ಎಂದಿದ್ದನೋ, ಅದೇ ಬೀರಪ್ಪನ ಹೆಸರಿನಲ್ಲಿ ಸುಳ್ಳು ಆಣೆ ಇಟ್ಟಿದ್ದ. ಅದೂ ತನ್ನ ಮನೆಯಲ್ಲಿ ಉಂಡು ಬೆಳೆದ ಹುಡುಗನ ಮೇಲೆ.

ತನ್ನ ಅಂಗಡಿಗೆ ಹೋಗಿ ಅದೇ ಕರಿ ಕಂಬಳಿ ತಂದ. ಗಾದಿ ಅಂಗಡಿಯ ಮುಂದೆ, ನಡುಬೀದಿಯಲ್ಲಿ ಹಾಸಿದ. ತಾನು ಬರಿನೆಲದ ಮೇಲೆ ನಿಂತು ಕೂಗಿ ಹೇಳಿದ: "ಕೇಳ್ರೆಪಾ! ಆವತ್ತ ಕಂಬಳಿ ಮುಟ್ಟಿ ಸುಳ್ಳ ಹೇಳಿದೆ. ಅಂಗಡಿ ಸರಸಿದಂವ ನಾನ. ಶಾದಾಬಾ, ಕುಂದರಪಾ ಇದರ ಮ್ಯಾಲೆ."

ಶಾದಾಬ ಕೂರಲಿಲ್ಲ.

"ಕಾಕಾ, ಇಲ್ಲಿ ಕೇಳಿದವರು ಇಪ್ಪತ್ತು ಮಂದಿ. ನೀವು ಬರದದ್ದು ಊರೆಲ್ಲಾ ಓದೈತಿ."

"ಈಗ ಅಳಸ್ತೀನಿ!"

"ಅಳಸಿದ್ರ ಓದಿದವರ ಮನಸಿನ್ಯಾಗಿಂದ ಹೋಗತೈತೇನು? ಅದೇ ಜಾಗಾದಾಗ ಖರೇ ಬರೀರಿ."

ಕಾಸಿಮಸಾಬ ಗಲ್ಲೆಯ ಮೇಲಿನ ಚಿಟಿಕೆ ಭಂಡಾರವನ್ನು ಕಾಲಡಿ ಬೀಳದಂತೆ ಕಾಗದದಲ್ಲಿ ಕಟ್ಟಿ ಸಿದರಾಯನ ಕೈಗೆ ಕೊಟ್ಟ. ಬೈದಿದ್ದರೆ ಸಿದರಾಯ ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲಾಗಲಿಲ್ಲ.

ಕಣ್ಣು ಒರೆಸಿಕೊಳ್ಳುತ್ತ ಬರೆದ. ಅರ್ಧ ತಾಸು ಹಿಡಿಯಿತು. ಶಾದಾಬ ಅಂಗಡಿಯ ಗುರುತನ್ನು ಕೋಟೆ ಕೆರೆಯ ಎದುರಿಗೆ ತಂದು ಫೋನು ಮುಂದೆ ಹಿಡಿದ. "ಈ ಸಲ ಓದಿ ಒತ್ರಿ" ಎಂದ. ಅವನ ಮುಖದಲ್ಲಿ ನಗುವಿರಲಿಲ್ಲ.

*

ಮುಂದಿನ ಐತವಾರ ಗೋವಾದ ಕಾರೊಂದು ಬಂದು ನಿಂತಿತು. ಅನುರಾಧಾ ಇಳಿದಳು. ಬಾಕು ಇನ್ನೂ ಹೊರಗೆ ಬಂದಿರಲಿಲ್ಲ.

"ಮಡಗಾಂವದಾಗ ನಮ್ಮದೂ ಒಂದು ಅಂಗಡಿ ಐತಿ, ಮ್ಯಾಪಿಗೆ ಏರಸಬೇಕಿತ್ತು. ಆ ಕೆಲಸ ಮಾಡವರನ್ನ ಹುಡುಕಿದಾಗ ಶಾದಾಬ ಅನ್ನವರ ಹೆಸರು ಬಂತು" ಎಂದಳು. ಫೋನು ಹಿಡಿದು ಓದಿದಳು: "'ಈ ಹುಡುಗನ್ನ ಕಳ್ಳ ಅಂದಿದ್ದೆ. ಸುಳ್ಳ. ನನ್ನ ತಪ್ಪ ಇಂವನ ಮ್ಯಾಲೆ ಹಾಕಿದ್ದೆ. ಕಂಬಳಿ ಸಿದರಾಯ.' ಈ ಸಿದರಾಯ ಅನ್ನವರು ಯಾರ್ರೀ?"

ಬಾಜೂ ಅಂಗಡಿಯಲ್ಲಿ ಹತ್ತಿ ಬಡಿಯುವ ಸದ್ದು ನಿಂತಿತು.

ಸಿದರಾಯನ ಮುಖ ಕಾದ ಹಂಚಾಯಿತು. ಬರುವ ಗಿರಾಕಿಯೆಲ್ಲ ಇನ್ನು ಮುಂದೆ ಇದನ್ನು ಓದಿಯೇ ಬರುತ್ತಾರೆ. ಎದ್ದು ನಿಂತು ಕೈಮುಗಿದ.

"ಅಂವ ನಾನ್ರಿ, ತಂಗೀ. ಶಾದಾಬನ ಅಂಗಡಿ ಇಲ್ಲೇ ಬಾಜೂಕ. ಮೊದಲ ಅಲ್ಲಿಗೆ ಹೋಗಿ ಬರ್ರಿ. ಕಂಬಳಿ ಆಮ್ಯಾಲೆ ನೋಡೂಣು."